ವಿಷಲಕ್ಷಣವೂ ವಿಷನಿಷೇಧವೂ: ಪಶುಗಳ ಮಂಪರು ಮದ್ದಿನ ಪ್ರಸಂಗದಲ್ಲಿ ಕನ್ನಡ ವಿಷಶಾಸ್ತ್ರದ ವಿಮರ್ಶೆ

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ವೈದ್ಯ, ಸೂಪ, ಗಣಿತ, ಜ್ಯೋತಿಷ ಮೊದಲಾದ ಶಾಸ್ತ್ರಗ್ರಂಥಗಳಿಗೆ ದೊರೆತಿರುವ ಸ್ಥಾನವು ಬಹು ಸಂಕುಚಿತವಾದದ್ದು. ಗ್ರಂಥಕರ್ತನ ಕಾಲ, ಮತ, ಊರು, ಗ್ರಂಥದ ಛಂದಸ್ಸು ಇವುಗಳನ್ನು ಹೇಳಿ, ಕವಿತಾಗುಣವು ಅಲ್ಲಿ ವಿರಳವೆಂದು ಸೂಚಿಸಿ, ಚರಿತ್ರಕಾರನು ಮುಂದಿನ ಕವಿಯ ಕಡೆಗೆ ನಡೆಯುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಶಾಸ್ತ್ರಗ್ರಂಥಗಳಿಗೆ ಅನ್ಯಾಯವಾಯಿತೆಂದು ಮೊರೆಯಿಡುವುದರಿಂದ ಪ್ರಯೋಜನವಿಲ್ಲ. ಕಾವ್ಯವನ್ನು ಅಳೆಯುವ ಕೋಲಿನಿಂದ ಶಾಸ್ತ್ರವನ್ನು ಅಳೆಯಲಾಗದೆಂಬುದು ಎಲ್ಲರಿಗೂ ಒಪ್ಪಿಗೆಯಾದ ಮಾತು. ಆದರೆ ಅದನ್ನು ಅಳೆಯತಕ್ಕ ಕೋಲು ಯಾವುದೆಂಬ ಪ್ರಶ್ನೆಗೆ ಉತ್ತರವು ಇನ್ನೂ ಸ್ಪಷ್ಟವಾಗಿಲ್ಲ. ಔಷಧಗಳ ಸಾಫಲ್ಯವೇ ಕೋಲಾದರೆ ಪ್ರಾಚೀನ ವೈದ್ಯಗ್ರಂಥಗಳ ಬಹುಭಾಗವು ಇಂದು ಬಿದ್ದುಹೋಗುತ್ತದೆ. ಭಾಷೆಯ ಪ್ರಾಚೀನತೆಯೇ ಕೋಲಾದರೆ ಅವು ನಿಘಂಟುಕಾರರ ಆಕರಗಳಾಗಿ ಮಾತ್ರ ಉಳಿಯುತ್ತವೆ. ಇವೆರಡೂ ಅಲ್ಲದ ಮೂರನೆಯ ಕೋಲೊಂದುಂಟು: ಆಪತ್ತಿನ ಗಳಿಗೆಯಲ್ಲಿ ಕಣ್ಣೆದುರಿಗೆ ಕಾಣುವ ಚಿಹ್ನೆಯನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಡುವ ಶಕ್ತಿಯನ್ನು ಆ ಗ್ರಂಥವು ತನ್ನ ಭಾಷೆಯ ಜನರಿಗೆ ಎಷ್ಟರಮಟ್ಟಿಗೆ ಒದಗಿಸಿತೆಂಬುದು. ಈ ಕೋಲಿನಿಂದ ಕನ್ನಡದ ವಿಷವೈದ್ಯ ಸಂಪ್ರದಾಯವನ್ನು ಅಳೆದು ನೋಡುವುದಕ್ಕೆ ಪಶುಗಳಿಗೆ ಕೊಡುವ ಮಂಪರು ಮದ್ದು ಮನುಷ್ಯನ ದೇಹವನ್ನು ಸೇರಿದಾಗ ಉಂಟಾಗುವ ವಿಷಬಾಧೆಯು ಒಂದು ಒಳ್ಳೆಯ ಸಂದರ್ಭವನ್ನು ಒದಗಿಸುತ್ತದೆ. ಏಕೆಂದರೆ ಈ ಬಾಧೆಯು ಪಶುವೈದ್ಯ, ವಿಷವೈದ್ಯಗಳೆಂಬ ಎರಡು ಶಾಸ್ತ್ರಗಳ ನಡುವಣ ಬಯಲಿನಲ್ಲಿ ಬಿದ್ದಿದೆ.

ಈ ಎರಡು ಶಾಸ್ತ್ರಗಳಿಗೂ ಕನ್ನಡದಲ್ಲಿ ದೀರ್ಘವಾದ ಪರಂಪರೆಯುಂಟು. 1025ರ ಸುಮಾರಿನ ಎರಡನೆಯ ಚಾವುಂಡರಾಯನ ಲೋಕೋಪಕಾರವು ವೃಕ್ಷಾಯುರ್ವೇದ, ಪಾಕ, ನರವೈದ್ಯ, ವಿಷವೈದ್ಯ ಮೊದಲಾದ ಹಲವು ವಿಷಯಗಳನ್ನು ಒಂದೇ ಗ್ರಂಥದಲ್ಲಿ ಅಡಕಮಾಡಿತು. ಸುಮಾರು 1125ರಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಔಷಧವೂ ಮಂತ್ರವೂ ಬೆರೆತಿರುವ ಈ ಕೃತಿಯು ಕನ್ನಡದಲ್ಲಿ ಪಶುಚಿಕಿತ್ಸೆಯನ್ನೇ ಕುರಿತ ಮೊದಲ ಗ್ರಂಥವೆಂದು ಪ್ರಸಿದ್ಧವಾಗಿದೆ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಸುಮಾರು 1360ರಲ್ಲಿ ಮುಗುಳಿಪುರದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ರಚಿಸಿದನು. ಇದನ್ನು 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅಚ್ಚುಹಾಕಿಸಿತು. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಲೋಕೋಪಕಾರದಲ್ಲಿ ಒಂದೇ ಸೂರಿನ ಕೆಳಗೆ ಇದ್ದ ವಿದ್ಯೆಗಳು ಮುಂದೆ ಬೇರೆ ಬೇರೆ ಮನೆಮಾಡಿಕೊಂಡುವೆಂಬುದು ಈ ಪಟ್ಟಿಯಿಂದ ವ್ಯಕ್ತವಾಗುತ್ತದೆ. ಶಾಸ್ತ್ರವು ಬೆಳೆದಂತೆಲ್ಲ ಕವಲೊಡೆಯುವುದು ಸಹಜವೇ. ಆದರೆ ಕವಲುಗಳ ನಡುವೆ ಉಳಿದ ತೆರವನ್ನು ಯಾರೂ ಉಳಲಿಲ್ಲ.

ಗ್ರಂಥದ ಬೆಲೆಯನ್ನು ಗ್ರಂಥಭಂಡಾರದಲ್ಲಿ ಕುಳಿತು ಕಟ್ಟುವುದಕ್ಕಿಂತ ಅದು ಯಾರಿಗೆ ಬೇಕಾದೀತೋ ಅವರ ಊರಿನಲ್ಲಿಟ್ಟು ಕಟ್ಟುವುದು ಮೇಲು. ಸೊರಬ ತಾಲೂಕಿನ ಉಳವಿಯು ಅಂಥ ಊರು. ಚನ್ನಬಸವಣ್ಣನ ಕ್ಷೇತ್ರವಾದ ಉತ್ತರ ಕನ್ನಡದ ಉಳವಿಯಲ್ಲ ಇದು. ಬನವಾಸಿನಾಡಿಗೆ ಸೇರಿದ್ದ ಪ್ರದೇಶದಲ್ಲಿ, ಮಲೆನಾಡು ಬಯಲುಸೀಮೆಗೆ ಇಳಿಯುವ ಸೆರಗಿನಲ್ಲಿ, ಬತ್ತದ ಗದ್ದೆ, ಅಡಕೆಯ ತೋಟಗಳ ನಡುವೆ ಇರುವ ಊರು. ಸೊರಬ, ಶಿಕಾರಿಪುರ ಸೀಮೆಯಲ್ಲಿ ದನಕರುಗಳಿಗೂ ಮನುಷ್ಯರಿಗೂ ಇರುವ ಸಾಮೀಪ್ಯವನ್ನು ತಿಳಿಯಬೇಕಾದರೆ ದೀಪಾವಳಿಯ ತರುವಾಯ ಊರೂರಿನಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬವನ್ನು ನೆನೆದರೆ ಸಾಕು. ಇಂಥ ಊರುಗಳ ಹಳೆಯ ಮನೆಗಳಲ್ಲಿ ಕೊಟ್ಟಿಗೆಗೂ ಅಡುಗೆಮನೆಗೂ ನಡುವಣ ದೂರವು ಕೆಲವೇ ಹೆಜ್ಜೆಗಳಾದ್ದರಿಂದ, ದನದ ಮದ್ದು, ಮನುಷ್ಯರ ಮದ್ದುಗಳಿಗೂ ಒಂದೇ ಗೂಡು ಆಶ್ರಯವಾಗುವುದು ಅಸಂಭವವಲ್ಲ. ಪಶುವಿನ ಕೇಡು ಮನುಷ್ಯನ ಕೇಡಿಗೆ ದೂರವಲ್ಲವೆಂಬುದನ್ನು ಈ ತಾಲೂಕು ಮತ್ತೊಂದು ರೀತಿಯಿಂದಲೂ ಬಲ್ಲದು. 1957ರಲ್ಲಿ ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಣ ಹಳ್ಳಿಗಳ ಜನ ಜ್ವರಕ್ಕೆ ತುತ್ತಾದಾಗ, ಆ ರೋಗಕ್ಕೆ ಆ ಊರಿನ ಹೆಸರೇ ಲೋಕದಲ್ಲಿ ನಿಂತಿತು. ಅದು ವಿಷವಲ್ಲ, ಸಾಂಕ್ರಾಮಿಕ. ಆದರೂ ಪ್ರಾಣಿಯ ಮೈಯಲ್ಲಿ ಕಂಡ ಚಿಹ್ನೆಯು ಮನುಷ್ಯನಿಗೆ ಎಚ್ಚರಿಕೆಯಾಗಬಲ್ಲುದೆಂಬ ಪಾಠವು ಎರಡಕ್ಕೂ ಸಮಾನವಾದದ್ದು.

ಮದ್ದೆಂಬ ಕನ್ನಡ ಶಬ್ದವೇ ಇಲ್ಲಿ ವಿಚಾರಾರ್ಹವಾಗಿದೆ. ಅದಕ್ಕೆ ಔಷಧವೆಂಬ ಅರ್ಥವಿದ್ದಂತೆ ಸಿಡಿಮದ್ದೆಂಬ ಅರ್ಥವೂ ಉಂಟು. ಮದ್ದು ಇಕ್ಕಿದರು, ಕೈಮದ್ದು ಹಾಕಿದರು ಎಂಬ ಮಲೆನಾಡಿನ ಮಾತುಗಳಲ್ಲಿ ಗುಟ್ಟಾಗಿ ಅನ್ನದಲ್ಲಿ ಬೆರಸಿದ ವಿಷವೆಂಬ ಅರ್ಥವೂ ಉಂಟು. ಕಾಯುವುದನ್ನೂ ಕೊಲ್ಲುವುದನ್ನೂ ಒಂದೇ ಶಬ್ದದಿಂದ ಕರೆದ ಭಾಷೆಯು ಶಾಸ್ತ್ರದ ಒಂದು ಮೂಲತತ್ತ್ವವನ್ನು ಬಳಕೆಯಲ್ಲೇ ಉಳಿಸಿಕೊಂಡಿದೆ. ಚೆನ್ನಾಗಿ ಯೋಜಿಸಿದರೆ ತೀಕ್ಷ್ಣವಾದ ವಿಷವೂ ಉತ್ತಮ ಔಷಧವಾಗುವುದು, ಕೆಟ್ಟದಾಗಿ ಯೋಜಿಸಿದರೆ ಔಷಧವೂ ತೀಕ್ಷ್ಣ ವಿಷವಾಗುವುದು ಎಂಬ ಅಭಿಪ್ರಾಯವು ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಬಂದಿದೆ. ಪ್ರಮಾಣವೇ ವಿಷವನ್ನು ಮಾಡುವುದೆಂದು ಯೂರೋಪಿನಲ್ಲಿ ಹದಿನಾರನೆಯ ಶತಮಾನದ ಪ್ಯಾರಸೆಲ್ಸಸನು ಸಾರಿದನು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯೂ ಇದನ್ನೇ ಹೇಳುತ್ತದೆ. ಪಶುಗಳ ಮಂಪರು ಮದ್ದು ಈ ಮೂರು ಮಾತುಗಳನ್ನೂ ಒರೆಗೆ ಹಚ್ಚುತ್ತದೆ.

ಈ ವರ್ಗದ ಮದ್ದುಗಳಲ್ಲಿ ಇಂದು ಮುಖ್ಯವಾದದ್ದು ಕ್ಸೈಲಜಿನ್. ಜರ್ಮನಿಯ ಬಾಯರ್ ಸಂಸ್ಥೆಯಲ್ಲಿ 1962ರಲ್ಲಿ ಇದನ್ನು ಸಂಯೋಜಿಸಿದಾಗ, ಮನುಷ್ಯರ ರಕ್ತದ ಒತ್ತಡವನ್ನು ತಗ್ಗಿಸುವ ಔಷಧವಾದೀತೆಂದು ಪರೀಕ್ಷಿಸಿದರು. ನರಮಂಡಲವನ್ನು ಅದು ಮಿತಿಮೀರಿ ಕುಗ್ಗಿಸಿದ್ದರಿಂದ ಮನುಷ್ಯರಿಗೆ ಸಲ್ಲದೆಂದು ಕೈಬಿಟ್ಟರು. ಬಳಿಕ ಅದು ಕುದುರೆ, ದನ, ನಾಯಿ, ಕಾಡುಮೃಗಗಳನ್ನು ಶಾಂತಗೊಳಿಸುವುದಕ್ಕೆ ಬಳಕೆಗೆ ಬಂತು; ಕೆಟಮಿನ್ ಎಂಬ ಮತ್ತೊಂದು ಮದ್ದಿನೊಡನೆ ಕೂಡಿ ಆನೆಗಳನ್ನು ಹಿಡಿಯುವುದರಲ್ಲಿಯೂ ಬಳಕೆಯಾಗುತ್ತಿದೆ. ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ಚೋದಕದ್ರವ್ಯವು ಹೊರಬೀಳದಂತೆ ತಡೆಯುವ ಆಲ್ಫಾ-2 ಗ್ರಾಹಕಗಳನ್ನು ಇದು ಪ್ರಚೋದಿಸುತ್ತದೆ. ಅದರಿಂದ ಎಚ್ಚರವು ಕುಗ್ಗುವುದು, ಸ್ನಾಯುಗಳು ಸಡಿಲವಾಗುವುವು, ನೋವಿನ ಅರಿವು ತಗ್ಗುವುದು. ಮನುಷ್ಯನಲ್ಲಿ ಗಾಢವಾದ ಮಂಪರು, ಮಂದವಾದ ನಾಡಿ, ಮೊದಲು ಏರಿ ಬಳಿಕ ಇಳಿಯುವ ರಕ್ತದ ಒತ್ತಡ, ಕುಗ್ಗುವ ಉಸಿರಾಟ, ರಕ್ತದಲ್ಲಿ ಹೆಚ್ಚಿದ ಸಕ್ಕರೆ ಇವು ವರದಿಯಾಗಿರುವ ಲಕ್ಷಣಗಳು. ಮನುಷ್ಯರಿಗೆ ಈ ಬಾಧೆಯುಂಟಾದ ವರದಿಯು 1979ರಷ್ಟು ಹಿಂದೆಯೇ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಕೈತಪ್ಪಿ ಸೂಜಿ ಚುಚ್ಚಿಕೊಳ್ಳುವುದು, ಆತ್ಮಘಾತಕ್ಕಾಗಿ ಬಳಸುವುದು, ಅಮಲುಪದಾರ್ಥದಲ್ಲಿ ಕಲಬೆರಕೆ ಮಾಡುವುದು ಇವು ಮೂರು ಮುಖ್ಯ ಮಾರ್ಗಗಳು. ಮೂರನೆಯದು ಅಮೆರಿಕದಲ್ಲಿ ಬಹಳ ವ್ಯಾಪಿಸಿ, ಕ್ಸೈಲಜಿನ್ ಬೆರೆತ ಫೆಂಟನಿಲ್ಲನ್ನು 2023ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರವು ತಲೆದೋರುತ್ತಿರುವ ವಿಪತ್ತೆಂದು ಘೋಷಿಸಿತು. ಪದೇಪದೇ ಚುಚ್ಚಿಕೊಳ್ಳುವವರ ಚರ್ಮದಲ್ಲಿ ಕೊಳೆಯುವ ಆಳವಾದ ಹುಣ್ಣುಗಳೂ ಕಾಣಿಸಿಕೊಂಡಿವೆ.

ಇನ್ನು ಪ್ರಾಚೀನ ಶಾಸ್ತ್ರದ ವಿಭಾಗಗಳಲ್ಲಿ ಇದಕ್ಕೆ ಸ್ಥಾನವೆಲ್ಲಿ ಎಂಬುದನ್ನು ಪರ್ಯಾಲೋಚಿಸಬಹುದು. ಗಿಡ, ಬೇರು, ಖನಿಜಗಳಿಂದ ಬರುವುದು ಸ್ಥಾವರ. ಹಾವು, ಚೇಳು ಮೊದಲಾದವುಗಳಿಂದ ಬರುವುದು ಜಂಗಮ. ದ್ರವ್ಯಗಳ ಕೂಡಿಕೆಯಿಂದ ಮನುಷ್ಯನು ಮಾಡುವುದು ಕೃತ್ರಿಮ ಅಥವಾ ಗರ. ಕ್ಸೈಲಜಿನ್ ಕೃತ್ರಿಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗರವೆಂಬ ಕಲ್ಪನೆಯ ಹಿಂದೆ ಕೇಡಿನ ಉದ್ದೇಶವೊಂದು ಇದ್ದೇ ಇದೆ. ಅರಮನೆಯ ಅಡುಗೆಯಲ್ಲಿ ಶತ್ರುವು ಬೆರಸಿದ ವಿಷವೇ ಅದರ ಮಾದರಿ. ಸುಶ್ರುತಸಂಹಿತೆಯ ಕಲ್ಪಸ್ಥಾನವು ರಾಜನ ಅನ್ನಪಾನಗಳ ರಕ್ಷಣೆಯಿಂದಲೇ ಮೊದಲಾಗುವುದನ್ನು ವಿದ್ವಾಂಸರು ಬಲ್ಲರು. ಹಸುವಿನ ಹಿತಕ್ಕಾಗಿ ಮಾಡಿದ ಮದ್ದು ಶತ್ರುವಿಲ್ಲದೆಯೇ, ಮರೆವಿನಿಂದಲೋ ಕೈತಪ್ಪಿನಿಂದಲೋ ಮನೆಯವನ ಮೈಸೇರುವ ಸಂಗತಿಗೆ ಆ ವಿಭಾಗದಲ್ಲಿ ಎಡೆಯಿಲ್ಲ. ವಿಷವನ್ನು ಅದರ ಮೂಲದಿಂದಲೂ ಇಟ್ಟವನ ಮನಸ್ಸಿನಿಂದಲೂ ವಿಂಗಡಿಸಿದ ಶಾಸ್ತ್ರವು ಅದನ್ನು ಸ್ವೀಕರಿಸುವ ದೇಹದಿಂದ ವಿಂಗಡಿಸಲಿಲ್ಲವೆಂಬುದು ಇದರ ಮೊದಲ ನ್ಯೂನತೆ.

ಗುಣಗಳ ವಿಚಾರದಲ್ಲಿ ಫಲವು ಮಿಶ್ರವಾಗಿದೆ. ಸುಶ್ರುತನು ವಿಷಕ್ಕೆ ಹೇಳಿರುವ ಹತ್ತು ಗುಣಗಳಲ್ಲಿ ಬೇಗನೆ ಕೆಲಸಮಾಡುವ ಆಶುತ್ವ, ಸಣ್ಣ ನಾಳಗಳಲ್ಲಿಯೂ ಹೊಗುವ ಸೂಕ್ಷ್ಮತ್ವ, ಜೀರ್ಣವಾಗುವುದಕ್ಕೆ ಮೊದಲೇ ಮೈಯೆಲ್ಲ ಹಬ್ಬುವ ವ್ಯವಾಯಿತ್ವ, ಸಂಧಿಬಂಧಗಳನ್ನು ಸಡಿಲಿಸುವ ವಿಕಾಸಿತ್ವ ಇವು ನಾಲ್ಕು ಸ್ನಾಯುವಿಗೆ ಚುಚ್ಚಿದ ಮಂಪರು ಮದ್ದಿಗೆ ಆಶ್ಚರ್ಯವಾಗುವಷ್ಟು ಒಪ್ಪುತ್ತವೆ. ಉಷ್ಣ, ತೀಕ್ಷ್ಣ, ರೂಕ್ಷಗಳು ಒಪ್ಪುವುದಿಲ್ಲ. ಹಾವಿನ ಕಡಿತ, ಸುಡುವ ಬೇರುಗಳ ಅನುಭವದಿಂದ ಹುಟ್ಟಿದ ಆ ಪಟ್ಟಿಯು ವಿಷವೆಂದರೆ ಉರಿ, ದಾಹ, ಕಳವಳವೆಂದು ಎಣಿಸಿತು. ಉರಿಯಿಲ್ಲದೆ, ಕೂಗಿಲ್ಲದೆ, ಸುಖನಿದ್ರೆಯ ವೇಷದಲ್ಲಿ ಬರುವ ವಿಷವು ಅಲ್ಲಿ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಮಂಗರಾಜನ ಕಾಲಕ್ಕೆ ಬಹು ದೂರವಲ್ಲದ ಶಾರ್ಙ್ಗಧರನು ವ್ಯವಾಯಿಗೆ ಭಂಗಿ, ಅಫೀಮುಗಳನ್ನೇ ನಿದರ್ಶನವಾಗಿ ಕೊಟ್ಟು, ತಮೋಗುಣದಿಂದ ಬುದ್ಧಿಯನ್ನು ಮುಚ್ಚುವ ದ್ರವ್ಯಗಳಿಗೆ ಮದಕಾರಿಯೆಂಬ ಬೇರೊಂದು ವರ್ಗವನ್ನು ಹೇಳಿದ್ದಾನೆ. ಮಂಪರು ಮದ್ದಿಗೆ ಪ್ರಾಚೀನರಲ್ಲಿ ದೊರೆಯುವ ಅತ್ಯಂತ ಸಮೀಪದ ಹೆಸರು ಇದೇ. ಹೀಗೆಂದ ಮಾತ್ರಕ್ಕೆ ಪೂರ್ವಿಕರು ಈ ದ್ರವ್ಯವನ್ನು ಬಲ್ಲರೆಂದು ಹೇಳುವ ಹುರುಪಿಗೆ ಇಲ್ಲಿ ಆಸ್ಪದವಿಲ್ಲ. ಹೋಲಿಕೆಯಿರುವುದು ದ್ರವ್ಯದಲ್ಲಲ್ಲ, ಲಕ್ಷಣವನ್ನು ವಿಂಗಡಿಸಿ ಹೆಸರಿಡುವ ಪದ್ಧತಿಯಲ್ಲಿ.

ಪ್ರಮಾಣದ ವಿಚಾರವು ಇದಕ್ಕಿಂತ ಗಹನವಾದದ್ದು. ಪಶುವಿನ ದೇಹವು ಮನುಷ್ಯನ ದೇಹದಂತಲ್ಲವೆಂಬುದು ಪ್ರಾಚೀನರಿಗೆ ತಿಳಿಯದಿರಲಿಲ್ಲ. ವಿಷದ ವೇಗಗಳು ಮನುಷ್ಯನಲ್ಲಿ ಎಂಟು, ಚತುಷ್ಪಾದಗಳಲ್ಲಿ ನಾಲ್ಕು, ಪಕ್ಷಿಗಳಲ್ಲಿ ಮೂರು ಎಂದು ಚರಕನ ಮತ. ವಿಷಹತವಾದ ಪ್ರಾಣಿಗಳಿಗೆ ರಕ್ತಮೋಕ್ಷಣ, ಅಂಜನಗಳ ಪ್ರಮಾಣವನ್ನು ಹೇಳುವಾಗ ಸುಶ್ರುತನು ಕುರಿಮೇಕೆಗಳಿಗೆ ಮನುಷ್ಯನಷ್ಟೇ, ಹಸು, ಕುದುರೆಗಳಿಗೆ ಎರಡರಷ್ಟು, ಎಮ್ಮೆ, ಒಂಟೆಗಳಿಗೆ ಮೂರರಷ್ಟು, ಆನೆಗೆ ನಾಲ್ಕರಷ್ಟು ಎಂದು ನಿಯಮಿಸಿದ್ದಾನೆ. ಮೈ ದೊಡ್ಡದಾದಷ್ಟೂ ಮದ್ದು ಹೆಚ್ಚೆಂಬ ಈ ನಿಯಮವು ಸರಳವೂ ಯುಕ್ತವೂ ಆಗಿ ತೋರುತ್ತದೆ. ದನಕ್ಕೆ ಗೊಟ್ಟದಲ್ಲಿ ಮದ್ದು ಕುಡಿಸುವ ಹಳ್ಳಿಗನ ಲೆಕ್ಕವೂ ಇದೇ. ಕ್ಸೈಲಜಿನ್ ಈ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಸ್ನಾಯುವಿಗೆ ಚುಚ್ಚುವಾಗ ಕುದುರೆಗೆ ಮೈತೂಕದ ಒಂದು ಕಿಲೋಗ್ರಾಮಿಗೆ ಸುಮಾರು 2.2 ಮಿಲಿಗ್ರಾಂ ಬೇಕಾದರೆ, ಹಸುವಿಗೆ 0.1ರಿಂದ 0.2 ಮಿಲಿಗ್ರಾಂ ಸಾಕು. ಸುಶ್ರುತನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಹಸು, ಕುದುರೆಗಳ ನಡುವೆ ಹತ್ತುಪಟ್ಟಿಗೂ ಮಿಕ್ಕ ಅಂತರವು ಏರ್ಪಟ್ಟಿತು. ಮೆಲುಕು ಹಾಕುವ ಪ್ರಾಣಿಗಳು ಈ ಮದ್ದಿಗೆ ಬೇಗನೆ ಸೋಲುವುದೇ ಇದಕ್ಕೆ ಕಾರಣವಲ್ಲದೆ ಮೈಯ ಗಾತ್ರವಲ್ಲ.

ಇದರಿಂದ ಮನುಷ್ಯನಿಗೆ ಒದಗುವ ಅಪಾಯವನ್ನು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. 400 ಕಿಲೋಗ್ರಾಂ ತೂಗುವ ಹಸುವಿಗೆ ಕಿಲೋಗ್ರಾಮಿಗೆ 0.1 ಮಿಲಿಗ್ರಾಮಿನಂತೆ 40 ಮಿಲಿಗ್ರಾಂ ಆಗುತ್ತದೆ. ಮಿಲಿಲೀಟರಿಗೆ 20 ಮಿಲಿಗ್ರಾಮಿನ ಸೀಸೆಯಿಂದ ಇದು 2 ಮಿಲಿಲೀಟರು ಮಾತ್ರ. ಮನುಷ್ಯರಲ್ಲಿ ವಿಷಬಾಧೆಯನ್ನೋ ಮರಣವನ್ನೋ ಉಂಟುಮಾಡಿದ ಪ್ರಮಾಣಗಳು ವೈದ್ಯಸಾಹಿತ್ಯದಲ್ಲಿ 40ರಿಂದ 2,400 ಮಿಲಿಗ್ರಾಂವರೆಗೆ ದಾಖಲಾಗಿವೆ. ಹಸುವನ್ನು ಮಂಪರಿಗೆ ತರುವ ಅಲ್ಪಪ್ರಮಾಣವೇ ಅದರ ಆರೇಳರಲ್ಲಿ ಒಂದು ಪಾಲು ತೂಗುವ ಮನುಷ್ಯನಿಗೆ ಆಪತ್ತಿನ ಹೊಸ್ತಿಲಾಗಬಲ್ಲುದು. ಕುದುರೆಗೆಂದು ಮಿಲಿಲೀಟರಿಗೆ 100 ಮಿಲಿಗ್ರಾಮಿನಂತೆ ತಯಾರಾದ ಸೀಸೆಯೂ ಉಂಟು. ಸೀಸೆಯು ಅದಲುಬದಲಾದರೆ ಅದೇ 2 ಮಿಲಿಲೀಟರಿನಲ್ಲಿ 200 ಮಿಲಿಗ್ರಾಂ ಅಡಗಿರುತ್ತದೆ. ಅತಿಯಾದರೆ ಎಂಬ ಗಾದೆಯ ಮಾತು ಇಲ್ಲಿ ಸಾಲದು. ಯಾವ ಮೈಗೆ ಅತಿ, ಯಾವ ಸೀಸೆಯಿಂದ ಅತಿ ಎಂಬುದನ್ನೂ ಹೇಳಬೇಕಾಗುತ್ತದೆ. ಆನೆಯಂಥ ದೊಡ್ಡ ಮೃಗಗಳನ್ನು ಕೆಡವುವ ಎಟಾರ್ಫಿನ್ ಎಂಬ ಮತ್ತೊಂದು ಮದ್ದಿನಲ್ಲಿ ಈ ಮಾತು ಪರಾಕಾಷ್ಠೆಗೆ ಮುಟ್ಟುತ್ತದೆ. ಮಾರ್ಫಿನಿಗಿಂತ ಸಾವಿರ ಪಟ್ಟಿಗೂ ಮೇಲಾದ ಬಲವುಳ್ಳ ಅದನ್ನು ಬಳಸುವ ವೈದ್ಯನ ಬಳಿಯಲ್ಲಿ ಪ್ರತ್ಯೌಷಧವನ್ನು ಕೊಡಬಲ್ಲ ಇನ್ನೊಬ್ಬನು ಸಿದ್ಧನಾಗಿ ನಿಲ್ಲಬೇಕೆಂಬುದು ರೂಢಿಯಾಗಿದೆ.

ಪ್ರತಿವಿಷದ ವಿಚಾರದಲ್ಲಿಯೂ ಇಂಥದೇ ಒಂದು ತೊಡಕುಂಟು. ಸ್ಥಾವರ ಜಂಗಮಗಳು ದೇಹದಲ್ಲಿ ಎದುರುಬದಿರಾಗಿ ಚಲಿಸುವುದರಿಂದ ಒಂದನ್ನು ಇನ್ನೊಂದು ಕಳೆಯುವುದೆಂದು ಚರಕನು ಭಾವಿಸಿದನು. ಇಂದಿನ ಶಾಸ್ತ್ರವೂ ಎದುರುಬದಿರಿನ ತತ್ತ್ವವನ್ನು ಬೇರೆ ರೀತಿಯಲ್ಲಿ ಒಪ್ಪುತ್ತದೆ: ಯೋಹಿಂಬಿನ್, ಟೊಲಾಜೊಲಿನ್, ಅಟಿಪಮೆಜೋಲ್ ಎಂಬ ದ್ರವ್ಯಗಳು ಅದೇ ಗ್ರಾಹಕಗಳಲ್ಲಿ ಕ್ಸೈಲಜಿನ್ನಿಗೆ ಅಡ್ಡಬಂದು ಮಲಗಿದ ಪ್ರಾಣಿಯನ್ನು ಎಬ್ಬಿಸುತ್ತವೆ. ಆದರೆ ಕ್ಸೈಲಜಿನ್ ಬಾಧೆಗೆ ಮನುಷ್ಯರಲ್ಲಿ ಅಂಗೀಕೃತವಾದ ಪ್ರತಿವಿಷವಿಲ್ಲ. ಅಫೀಮಿನ ಜಾತಿಯ ವಿಷಗಳನ್ನು ಕಳೆಯುವ ನಲಾಕ್ಸೋನ್ ಇದನ್ನು ಕಳೆಯದು; ಅಂಥ ವಿಷವೂ ಬೆರೆತಿರುವ ಶಂಕೆಯಿದ್ದಲ್ಲಿ ಅದನ್ನು ಕೊಡಲೇಬೇಕೆಂಬುದು ಬೇರೆ ಮಾತು. ಉಳಿದ ಚಿಕಿತ್ಸೆಯೆಂದರೆ ಶ್ವಾಸಮಾರ್ಗವನ್ನು ತೆರೆದಿಡುವುದು, ಉಸಿರಾಟಕ್ಕೆ ನೆರವಾಗುವುದು, ರಕ್ತದ ಒತ್ತಡವನ್ನು ಕಾಯುವುದು, ಮದ್ದಿನ ಬಲವು ಇಳಿಯುವವರೆಗೆ ರೋಗಿಯನ್ನು ಬಿಡದೆ ನೋಡುತ್ತಿರುವುದು. ಮೂತ್ರದಲ್ಲಿ ಅಮಲುದ್ರವ್ಯಗಳನ್ನು ಕಂಡುಹಿಡಿಯುವ ಸಾಧಾರಣ ಪರೀಕ್ಷೆಗಳಲ್ಲಿ ಇದು ಗೋಚರಿಸುವುದೂ ಇಲ್ಲ. ವಿಶೇಷ ಉಪಕರಣಗಳುಳ್ಳ ಪ್ರಯೋಗಶಾಲೆಯೇ ಬೇಕು. ಪರೀಕ್ಷೆಯು ಹೇಳಲಾರದ್ದನ್ನು ರೋಗಿಯ ಮನೆಯವರು ಹೇಳಬೇಕು. ಅವರು ಹೇಳಬೇಕಾದರೆ ಅವರಿಗೆ ತಿಳಿದಿರಬೇಕು. ಶಾಸ್ತ್ರವು ಸಾಹಿತ್ಯದ ನೆರವನ್ನು ಬೇಡುವುದು ಈ ಎಡೆಯಲ್ಲಿಯೇ.

ಈಗ ಕೊಟ್ಟಿಗೆಯ ಗೂಡಿನಲ್ಲಿ ಅವರಿಗೆ ದೊರೆಯುವ ಸಾಹಿತ್ಯವೇನು? ಸೀಸೆಯ ಮೇಲಿನ ಚೀಟಿ. 1945ರ ಔಷಧನಿಯಮಗಳಂತೆ ಪಶುಗಳಿಗಾಗಿ ಸಿದ್ಧವಾದ ಪ್ರತಿಯೊಂದು ಮದ್ದಿನ ಮೇಲೆಯೂ ಅದು ಮನುಷ್ಯರ ಬಳಕೆಗಲ್ಲ, ಪಶುಗಳ ಚಿಕಿತ್ಸೆಗೆ ಮಾತ್ರವೆಂಬರ್ಥದ ಮಾತೂ, ಸಾಕುಪ್ರಾಣಿಯೊಂದರ ತಲೆಯ ಚಿತ್ರವೂ ಇರತಕ್ಕದ್ದು. ವಿಮರ್ಶಕನು ಇದನ್ನೂ ಒಂದು ಕೃತಿಯೆಂದೇ ಎಣಿಸಿ ಪರೀಕ್ಷಿಸಬಹುದು. ಚಿತ್ರದ ಯೋಜನೆಯು ಶ್ಲಾಘ್ಯವಾದದ್ದು. ಓದುಬಾರದವನಿಗೂ ಅದು ಎಚ್ಚರಿಕೆಯನ್ನು ಮುಟ್ಟಿಸುತ್ತದೆ. ಮಾತಿನ ಯೋಜನೆಯಲ್ಲಿ ಮಾತ್ರ ಕೊರತೆಯುಂಟು. ಅದು ಕೇವಲ ನಿಷೇಧವಾಕ್ಯ. ಬಳಸಬಾರದೆಂದು ಅದು ಹೇಳುತ್ತದೆ. ಬಳಕೆಯಾಗಿಬಿಟ್ಟರೆ ಏನು ಕಾಣುವುದು, ಎಷ್ಟು ಬೇಗ ಕಾಣುವುದು, ವೈದ್ಯನಿಗೆ ಏನನ್ನು ತಿಳಿಸಬೇಕು ಎಂಬುದನ್ನು ಆ ಮಾತು ಹೇಳುವುದಿಲ್ಲ. ಅಲ್ಲದೆ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ನಿಷೇಧವು ಆಪತ್ತಿಗೆ ಮೊದಲು ಉಪಯೋಗಿ. ಆಪತ್ತಿನ ನಂತರ ಉಪಯೋಗಿಯಾದದ್ದು ಲಕ್ಷಣ.

ಕನ್ನಡ ವಿಷವೈದ್ಯ ಪರಂಪರೆಯ ನಿಜವಾದ ಬೆಲೆಯು ಇಲ್ಲಿ ಗೋಚರಿಸುತ್ತದೆ. ಮಂಗರಾಜನು ನಿಂತ ಸಂಪ್ರದಾಯದಲ್ಲಿ ವಿಷದ ಮೂಲದಿಂದ ಲಕ್ಷಣಕ್ಕೆ, ಲಕ್ಷಣದಿಂದ ಚಿಕಿತ್ಸೆಗೆ ನಡೆಯುವ ಕ್ರಮವುಂಟು. ಅವನ ಔಷಧಗಳನ್ನೋ ಮಂತ್ರಗಳನ್ನೋ ಇಂದು ವಿಷಬಾಧೆಯಲ್ಲಿ ನಂಬಿ ಕಾಲಹರಣ ಮಾಡುವುದು ಪ್ರಾಣಹಾನಿಗೆ ದಾರಿ. ಇದನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಹೇಳಬೇಕು. ಕೈಮದ್ದನ್ನು ವಾಂತಿಮಾಡಿಸಿ ತೆಗೆಯುವ ಹಳ್ಳಿಯ ರೂಢಿಯೂ ಮಂಪರಿನಲ್ಲಿ ಮುಳುಗಿದವನಿಗೆ ಅತ್ಯಂತ ಅಪಾಯಕರ; ಎಚ್ಚರವಿಲ್ಲದವನ ವಾಂತಿಯು ಶ್ವಾಸಕೋಶವನ್ನು ಸೇರಬಹುದು. ಆದರೆ ಚಿಕಿತ್ಸೆಯು ಹಳತಾದಷ್ಟು ಸುಲಭವಾಗಿ ಪದ್ಧತಿಯು ಹಳತಾಗುವುದಿಲ್ಲ. ಸಂಸ್ಕೃತದಲ್ಲಿ ಪೂಜ್ಯಪಾದರಂಥವರ ಗ್ರಂಥಗಳಿರುವಾಗಲೂ ವಿಷಲಕ್ಷಣವನ್ನು ಕನ್ನಡದಲ್ಲಿ ಹೇಳಬೇಕೆಂದು ಮಂಗರಾಜನು ಬಗೆದದ್ದೂ, ಪಶುಚಿಕಿತ್ಸೆಯನ್ನು ಕನ್ನಡದಲ್ಲಿ ಹೇಳಬೇಕೆಂದು ರಾಜಪುತ್ರನಾದ ಕೀರ್ತಿವರ್ಮನು ಬಗೆದದ್ದೂ ಸಾಹಿತ್ಯಚರಿತ್ರೆಯಲ್ಲಿ ಅಲ್ಪ ಸಂಗತಿಗಳಲ್ಲ. ಅವರ ಕೃತಿಗಳಲ್ಲಿ ರಸವಿಲ್ಲದಿರಬಹುದು; ಅವು ಉದ್ದೇಶಿಸಿದ ಶ್ರೋತೃವು ರಸಿಕನಲ್ಲ, ಕಂಗೆಟ್ಟ ಮನೆಯವನು.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಲಕ್ಷಣಗಳನ್ನೂ ಪ್ರಮಾಣಗಳನ್ನೂ ದೇಶಭಾಷೆಯಲ್ಲಿ ಬಿಚ್ಚಿ ಬರೆದರೆ ಕೇಡು ಬಯಸುವವನಿಗೂ ಅದು ಕೈಪಿಡಿಯಾಗದೆ? ಪ್ರಾಚೀನರಿಗೂ ಈ ಶಂಕೆಯು ತಟ್ಟಿದ್ದಿರಬೇಕು. ವಿಷವಿದ್ಯೆಗೆ ಗೋಪ್ಯವೆಂಬ ಹೆಸರು ಅಂಟಿಕೊಂಡದ್ದು ಇದರಿಂದಲೇ ಎಂದು ತೋರುತ್ತದೆ. ಆದರೆ ಗೋಪ್ಯದಿಂದ ಕೆಡುಕನು ತಡೆಯಲ್ಪಡುವುದು ಅಪರೂಪ, ಮುಗ್ಧನು ಸಾಯುವುದು ಸಾಮಾನ್ಯ. ಕೆಡುಕನನ್ನು ತಡೆಯುವುದಕ್ಕೆ ಮಾರಾಟದ ನಿಯಂತ್ರಣವೇ ಸಾಧನ. ಭಾರತದಲ್ಲಿ 2013ರಲ್ಲಿ ಕೆಟಮಿನ್ನನ್ನು ಕಟ್ಟುನಿಟ್ಟಾದ ಅನುಸೂಚಿಗೆ ಸೇರಿಸಿದ್ದು ಈ ಬಗೆಯ ಕ್ರಮ. ಸೀಸೆಯ ಗಾತ್ರವೂ ಒಂದು ನಿಯಂತ್ರಣವೇ ಸರಿ. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು ಸತ್ತ ದನಗಳ ಮೂಲಕ ರಣಹದ್ದುಗಳ ಸಂತತಿಯನ್ನೇ ನಾಶಮಾಡಿದ್ದರಿಂದ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ಮದ್ದಿನ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹರಿದುಬರುವುದು ನಿಲ್ಲದಿದ್ದಾಗ, 2015ರಲ್ಲಿ ಆ ಸೀಸೆಯನ್ನೇ 3 ಮಿಲಿಲೀಟರಿಗೆ ಇಳಿಸಿದರು. ಅಲ್ಲಿ ಮನುಷ್ಯರ ಮದ್ದು ಕೊಟ್ಟಿಗೆಗೆ ಹೋದದ್ದು ಕೇಡಾಯಿತು. ಮಂಪರು ಮದ್ದಿನಲ್ಲಿ ಕೊಟ್ಟಿಗೆಯದು ಮನೆಗೆ ಬರುವುದು ಕೇಡು. ಎರಡರಲ್ಲಿಯೂ ನಿಷೇಧವಾಕ್ಯವೊಂದೇ ಗೋಡೆಯಾಗಿ ನಿಲ್ಲಲಾರದೆಂಬುದು ಸ್ಪಷ್ಟ.

ಸೊರಬಕ್ಕೆ ನೆರೆಯಾದ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವೊಂದುಂಟು. ಕೀರ್ತಿವರ್ಮನ ಗೋವೈದ್ಯಕ್ಕೂ ಅದಕ್ಕೂ ಸುಮಾರು ಒಂದು ತಲೆಮಾರಿನ ಅಂತರ. ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಆ ಮಠವನ್ನು ಹೊಗಳಿದ ಶಾಸನಕವಿಯು ಅಲ್ಲಿಗೆ ನಿಲ್ಲದೆ, ದೀನರಿಗೂ ಕುರುಡರಿಗೂ ಅನ್ನದಾನದ ಸ್ಥಾನ, ಗತಿಯಿಲ್ಲದ ರೋಗಿಗಳಿಗೆ ಚಿಕಿತ್ಸೆಯ ಸ್ಥಾನ, ಸಕಲ ಪ್ರಾಣಿಗಳಿಗೆ ಅಭಯದ ಸ್ಥಾನವೆಂದು ಒಂದೇ ಉಸಿರಿನಲ್ಲಿ ಎಣಿಸಿದ್ದಾನೆ. ಶಬ್ದಶಾಸ್ತ್ರವೂ ರೋಗಚಿಕಿತ್ಸೆಯೂ ಪ್ರಾಣಿಗಳ ಅಭಯವೂ ಒಂದೇ ಪಟ್ಟಿಯಲ್ಲಿ ಸೇರಿದ ಕಾಲವೊಂದು ಇದೇ ನಾಡಿನಲ್ಲಿತ್ತು. ಇಂದು ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ನರವೈದ್ಯದ ಮಹಾವಿದ್ಯಾಲಯವೂ ಒಂದೇ ಪಟ್ಟಣದಲ್ಲಿವೆ. ಅವೆರಡರ ವಿದ್ವಾಂಸರೂ ಕನ್ನಡದ ಅಧ್ಯಾಪಕರೂ ಕೂಡಿ, ಪಶುಗಳ ಮದ್ದುಗಳಿಂದ ಮನುಷ್ಯರಿಗೆ ಉಂಟಾಗುವ ವಿಷಲಕ್ಷಣಗಳನ್ನು ಕುರಿತು ಒಂದು ಸಣ್ಣ ಅಧಿಕಾರವನ್ನು ಕನ್ನಡದಲ್ಲಿ ರಚಿಸುವುದು ಅಸಾಧ್ಯವಾದ ಕೆಲಸವಲ್ಲ. ಅದರಲ್ಲಿ ಹೇಳಬೇಕಾದ ಮುಖ್ಯ ಸಂಗತಿಗಳು ನಾಲ್ಕೈದೇ: ಮಂಪರು, ಮಂದನಾಡಿ, ಕುಗ್ಗಿದ ಉಸಿರು ಇವು ಕಂಡರೆ ಅದನ್ನು ನಿದ್ರೆಯೆಂದು ಬಗೆದು ಮಲಗಿರಗೊಡಬಾರದು, ವಾಂತಿ ಮಾಡಿಸಬಾರದು, ಉಸಿರಾಟವನ್ನು ಗಮನಿಸುತ್ತ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಸೀಸೆಯನ್ನು ಎಸೆಯದೆ ಜೊತೆಗೆ ಒಯ್ಯಬೇಕು, ಎಷ್ಟು ಹೊತ್ತಿಗೆ, ಎಷ್ಟು, ಯಾವ ಮಾರ್ಗದಿಂದ ಮೈಸೇರಿತೆಂಬುದನ್ನು ಮುಚ್ಚದೆ ತಿಳಿಸಬೇಕು.

ಇಂಥ ಅಧಿಕಾರವೊಂದು ಉಳವಿಯಂಥ ಊರಿನ ಪಶುಚಿಕಿತ್ಸಾಲಯದ ಗೋಡೆಯ ಮೇಲೂ ಶಾಲೆಯ ಪಾಠಪುಸ್ತಕದಲ್ಲಿಯೂ ಬಂದರೆ ಖಗೇಂದ್ರಮಣಿದರ್ಪಣದ ಪರಂಪರೆಯು ಮುಂದುವರಿದಂತಾಗುವುದು. ಆ ಗ್ರಂಥವನ್ನು ಪಾಠಾಂತರಗಳೊಡನೆ ಶುದ್ಧವಾಗಿ ಅಚ್ಚುಹಾಕುವುದು ಸಂಪಾದಕನ ಕರ್ತವ್ಯ. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೋ ಆ ಪ್ರಶ್ನೆಯನ್ನು ಜೀವಂತವಾಗಿ ಇಡುವುದು ವಿಮರ್ಶಕನ ಕರ್ತವ್ಯ. ವಿಷವು ಹೊಸದಾಗುತ್ತಿರುವಷ್ಟು ಕಾಲ ವಿಷಲಕ್ಷಣವನ್ನು ಹೇಳುವ ಭಾಷೆಯೂ ಹೊಸದಾಗುತ್ತಿರಬೇಕು. ಕನ್ನಡಕ್ಕೆ ಆ ಶಕ್ತಿಯುಂಟೆಂಬುದನ್ನು ಮಂಗರಾಜನು ಆರು ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ.